ಫ್ರೆಂಚ್ ಭಾಷೆಯ ಪೂರ್ವಭೂತ

1871ರಲ್ಲಿ ಫ್ರಾನ್ಸ್ ದೇಶವು ಯುದ್ಧದಲ್ಲಿ ಸೋತು, ಆಲ್ಸೇಸ್ ಪ್ರಾಂತ್ಯದ ಬಹುಭಾಗವನ್ನು ಜರ್ಮನಿಗೆ ಬಿಟ್ಟುಕೊಟ್ಟಿತು. ಆಲ್ಫೋನ್ಸ್ ದೋದೆಯ 1873ರ ಕಥಾಸಂಕಲನದಲ್ಲಿರುವ 'ಕಡೆಯ ಪಾಠ' ಎಂಬ ಕಥೆಯು ಆ ಪ್ರಾಂತ್ಯದ ಒಂದು ಶಾಲೆಗೆ ಸಂಬಂಧಿಸಿದುದು. ಅಂದು ಅಲ್ಲಿ ಫ್ರೆಂಚ್ ಭಾಷೆಯ ಕೊನೆಯ ಪಾಠ. ಬಾಲಕ ಫ್ರಾಂಟ್ಸನು ಕೃದಂತಗಳ ನಿಯಮವನ್ನು ಹೇಳಲಾರದೆ ತಲೆತಗ್ಗಿಸಿ ನಿಂತನು. ಅವನು ಅದನ್ನು ಕಲಿತಿರಲಿಲ್ಲ.

'ನಿಂತನು' ಎಂಬುದು ಭೂತಕಾಲ. 'ಕಲಿತಿರಲಿಲ್ಲ' ಎಂಬುದು ಅದಕ್ಕೂ ಹಿಂದಿನ ಕಾಲ. ಇದನ್ನು ಫ್ರೆಂಚರು 'ಪ್ಲುಸ್-ಕ-ಪಾರ್ಫೆ', ಎಂದರೆ 'ಪೂರ್ಣಕ್ಕಿಂತ ಹೆಚ್ಚಿನದು' ಎಂದು ಕರೆಯುವರು.

ಇದರ ರಚನೆ ಸುಲಭವಾದುದು. 'ಆವ್ವಾರ್' (ಹೊಂದಿರು) ಎಂಬ ಸಹಾಯಕ ಕ್ರಿಯಾಪದದ ಅಪೂರ್ಣಭೂತ ರೂಪದ ಮುಂದೆ ಮುಖ್ಯ ಕ್ರಿಯಾಪದದ ಭೂತಕೃದಂತವನ್ನು ಇಡಬೇಕು. 'ಆಪ್ರಾಂದ್ರ್' (ಕಲಿ) ಎಂಬುದರ ಭೂತಕೃದಂತ 'ಆಪ್ರಿ'.

ಜಾವೆ ಆಪ್ರಿ – ನಾನು ಕಲಿತಿದ್ದೆನು
ತ್ಯು ಆವೆ ಆಪ್ರಿ – ನೀನು ಕಲಿತಿದ್ದೆ
ಇಲ್ ಆವೆ ಆಪ್ರಿ – ಅವನು ಕಲಿತಿದ್ದನು
ನೂ ಜಾವ್ಯೋಂ ಆಪ್ರಿ – ನಾವು ಕಲಿತಿದ್ದೆವು
ವೂ ಜಾವ್ಯೆ ಆಪ್ರಿ – ನೀವು ಕಲಿತಿದ್ದಿರಿ
ಇಲ್ ಜಾವೆ ಆಪ್ರಿ – ಅವರು ಕಲಿತಿದ್ದರು

ಹೋಗು, ಬರು ಮುಂತಾದ ಕೆಲವು ಕ್ರಿಯಾಪದಗಳಿಗೆ 'ಆವ್ವಾರ್' ಬದಲು 'ಎತ್ರ್' (ಇರು) ಸಹಾಯಕವಾಗುವುದು. ಆಗ ಕೃದಂತವು ಕರ್ತೃವಿನ ಲಿಂಗವಚನಗಳನ್ನು ಅನುಸರಿಸುವುದು. ಕನ್ನಡದಲ್ಲಿಯಾದರೋ ಎಲ್ಲಕ್ಕೂ 'ಇರು' ಒಂದೇ ಸಹಾಯಕ: ಕಲಿತು + ಇದ್ದೆನು = ಕಲಿತಿದ್ದೆನು. ಫ್ರೆಂಚಿನಲ್ಲಿ ಮೊದಲು ನಿಲ್ಲುವ ಸಹಾಯಕವು ನಮ್ಮಲ್ಲಿ ಕೊನೆಗೆ ಬರುವುದು.

'ಇಲ್ ನಾವೆ ಪಾ ಆಪ್ರಿ' ಎಂದರೆ 'ಅವನು ಕಲಿತಿರಲಿಲ್ಲ'. ಫ್ರಾಂಟ್ಸನಿಗೆ ಅಂದು ಕಲಿಯುವ ಆಸೆ ಹುಟ್ಟಿತು. ಆದರೆ ಕಾಲವು ಮೀರಿಹೋಗಿತ್ತು. ಈ ವಾಕ್ಯದಲ್ಲಿ ಯಾವುದು ಮೊದಲು ನಡೆಯಿತು? ಆಲೋಚಿಸಿರಿ.