ಮುಳ್ಳು ಸುಳ್ಳು ಹೇಳಿದಾಗ

ಸತ್ಯಮಂಗಲದಿಂದ ತಾಳವಾಡಿಗೆ ಬರಬೇಕಾದರೆ ದಿಂಬಂ ಘಾಟಿ ಹತ್ತಬೇಕು. ಅಲ್ಲಿ 27 ಕಡಿದಾದ ತಿರುವುಗಳಿವೆ. ಲೋಡ್ ಹೊತ್ತ ಹಳೇ ಲಾರಿ ನಿಧಾನವಾಗಿ ಏರುತ್ತದೆ. ಇಂಜಿನ್ ತುಂಬಾ ಬಿಸಿಯಾಗುತ್ತದೆ.

ಎಷ್ಟು ಬಿಸಿಯಾಗಿದೆ ಎಂದು ತಿಳಿಯುವುದು ಹೇಗೆ? ಡ್ರೈವರ್ ಎದುರಿಗೆ ಟೆಂಪರೇಚರ್ ಮೀಟರ್ ಇರುತ್ತದೆ. ಅದರಲ್ಲಿ ಎರಡು ಇಂಗ್ಲಿಷ್ ಅಕ್ಷರ. 'ಸಿ' ಅಂದರೆ ತಣ್ಣಗೆ. 'ಎಚ್' ಅಂದರೆ ಬಿಸಿ. ಓಡುವಾಗ ಮುಳ್ಳು ಸಾಮಾನ್ಯವಾಗಿ ನಡುವೆ ನಿಲ್ಲುತ್ತದೆ.

ಒಬ್ಬ ಡ್ರೈವರ್ ಬಣ್ಣಾರಿ ದಾಟಿ ಘಾಟಿ ಹತ್ತುತ್ತಿದ್ದ. ಮುಳ್ಳು ಎರಡು ದಿನದಿಂದ 'ಸಿ' ಬಿಟ್ಟು ಎದ್ದಿರಲಿಲ್ಲ. "ಇಂಜಿನ್ ತಣ್ಣಗದೆ ಬುಡು" ಅಂದುಕೊಂಡ.

ಕ್ಲೀನರ್ ಹುಡುಗನಿಗೆ ಅನುಮಾನ ಬಂತು. "ಅಣ್ಣಾ, ಸುಟ್ಟ ವಾಸನೆ ಬತ್ತಾ ಅದೆ. ವಸಿ ನಿಲ್ಸಣ್ಣ" ಎಂದ.

ಲಾರಿ ನಿಲ್ಲಿಸಿದರು. ಮುಂದಿನಿಂದ ಹಬೆ ಏಳುತ್ತಿತ್ತು. ಡ್ರೈವರ್ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ. ಹುಡುಗ ತಡೆದ. ಇಂಜಿನ್ ಆರುವವರೆಗೆ ಕಾದರು. ಆಮೇಲೆ ನೋಡಿದರೆ ನೀರು ಬಹಳ ಇಳಿದಿತ್ತು. ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿತ್ತು. ಕ್ಲಿಪ್ ಬಿಗಿದು, ನೀರು ತುಂಬಿ, ಮೆಲ್ಲಗೆ ಊರು ಸೇರಿದರು.

ಊರಿನ ಮೇಸ್ತ್ರಿ ಹೇಳಿದ: "ಮುಳ್ಳು ಸುಮ್ನದೆ ಅಂದ್ರೆ ಇಂಜಿನ್ ಸುಮ್ನದೆ ಅಂತ ಅಲ್ಲ ಕಣಪ್ಪ. ಬಾ, ತೋರುಸ್ತೀನಿ."

ಹಳೇ ಲಾರಿಯ ಇಂಜಿನ್ನಿನಲ್ಲಿ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ಅದರಿಂದ ಒಂದು ವೈರ್ ಮೀಟರಿಗೆ ಹೋಗುತ್ತದೆ. ನೀರು ಬಿಸಿಯಾದಂತೆ ಸೆನ್ಸರಿನಲ್ಲಿ ಹೆಚ್ಚು ಕರೆಂಟ್ ಹರಿಯುತ್ತದೆ. ಆಗ ಮುಳ್ಳು ಏಳುತ್ತದೆ.

ತಪ್ಪು ಎಲ್ಲಿದೆ ಎಂದು ಹೀಗೆ ಹುಡುಕಿ:

1. ಇಂಜಿನ್ ಆರಿರಲಿ. ಮೊದಲು ನೀರು ನೋಡಿ. ನೀರು ಕಡಿಮೆಯಾಗಿ ಸೆನ್ಸರ್ ಮುಳುಗದಿದ್ದರೆ ಒಳ್ಳೆಯ ಮೀಟರೂ ತಪ್ಪು ತೋರಿಸುತ್ತದೆ.

2. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಡೀಸೆಲ್ ಮೀಟರೂ ಸತ್ತಿದೆಯೇ? ಹಾಗಿದ್ದರೆ ಫ್ಯೂಸ್ ನೋಡಿ.

3. ಸೆನ್ಸರಿನ ವೈರ್ ಬಿಚ್ಚಿ. ಅದರ ತುದಿಯನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿ. ಇನ್ನೊಬ್ಬರು ಮುಳ್ಳು ನೋಡಲಿ. ಮುಳ್ಳು ಎದ್ದ ಕೂಡಲೇ ವೈರ್ ತೆಗೆಯಿರಿ. ಬಹಳ ಹೊತ್ತು ಹಿಡಿದರೆ ಮೀಟರ್ ಸುಡಬಹುದು.

4. ಮುಳ್ಳು ಎದ್ದರೆ ಮೀಟರ್, ವೈರ್ ಎರಡೂ ಸರಿ. ವೈರ್ ಸೇರುವ ಜಾಗದ ತುಕ್ಕು ಉಜ್ಜಿ. ಆಗಲೂ ಸರಿಯಾಗದಿದ್ದರೆ ಸೆನ್ಸರ್ ಬದಲಿಸಿ.

5. ಮುಳ್ಳು ಏಳದಿದ್ದರೆ ವೈರ್ ತುಂಡಾಗಿದೆ, ಇಲ್ಲವೇ ಮೀಟರ್ ಕೆಟ್ಟಿದೆ.

6. ತಣ್ಣಗಿರುವಾಗಲೂ ಮುಳ್ಳು 'ಎಚ್' ಮೇಲೆ ಇದೆಯೇ? ವೈರ್ ಬಿಚ್ಚಿ. ಮುಳ್ಳು ಇಳಿದರೆ ಸೆನ್ಸರ್ ಕೆಟ್ಟಿದೆ. ಇಳಿಯದಿದ್ದರೆ ವೈರ್ ಸವೆದು ಬಾಡಿಗೆ ತಾಗಿರಬಹುದು. ಅಥವಾ ಮೀಟರ್ ಕೆಟ್ಟಿರಬಹುದು.

ಈ ಲಾರಿಯಲ್ಲಿ ವೈರ್ ಮುಟ್ಟಿಸಿದಾಗ ಮುಳ್ಳು ಎದ್ದಿತು. ತುಕ್ಕು ಉಜ್ಜಿದರು. ಇಂಜಿನ್ ಬಿಸಿಯಾದರೂ ಮುಳ್ಳು ಏಳಲಿಲ್ಲ. ಇಂಜಿನ್ ಆರಿದ ಮೇಲೆ ಹೊಸ ಸೆನ್ಸರ್ ಹಾಕಿದರು. ಮುಳ್ಳು ಮತ್ತೆ ಎದ್ದು ನಡುವೆ ನಿಂತಿತು. ಡ್ರೈವರ್ ಹುಡುಗನ ಬೆನ್ನು ತಟ್ಟಿದ. "ನೀನಿಲ್ದಿದ್ರೆ ಇಂಜಿನ್ ಹೆಡ್ಡೇ ಹೋಗೋದು. ನಾನು ಸಾಲ ಮಾಡ್ಬೇಕಿತ್ತು" ಎಂದ.

ನೆನಪಿಡಿ

• ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.
• ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಹೆಡ್ ಬಿರುಕು ಬಿಡಬಹುದು.
• ಸೆನ್ಸರಿನ ಮರೆಗೆ ಟೇಪ್ ದಪ್ಪಗೆ ಸುತ್ತಬೇಡಿ. ಅರ್ತ್ ಸಿಗದೆ ಮುಳ್ಳು ತಪ್ಪು ತೋರಿಸುತ್ತದೆ.
• ವೈರ್ ಮುಟ್ಟಿಸುವ ಪರೀಕ್ಷೆ ಒಂದೇ ವೈರಿನ ಹಳೇ ಮೀಟರಿಗೆ ಮಾತ್ರ. ಕಂಪ್ಯೂಟರ್ ಇರುವ ಹೊಸ ಲಾರಿಗೆ ಮಾಡಬೇಡಿ.

ಓದಿ, ಉತ್ತರ ಹೇಳಿ

1. ಹುಡುಗನಿಗೆ ಅನುಮಾನ ಯಾಕೆ ಬಂತು?
2. ವೈರ್ ಮುಟ್ಟಿಸಿದಾಗ ಮುಳ್ಳು ಎದ್ದರೆ ಯಾವುದು ಸರಿಯಾಗಿದೆ?
3. ನಿಮ್ಮೂರಿನ ಡ್ರೈವರನ್ನು ಕೇಳಿ: ಮುಳ್ಳು ಎಂದಾದರೂ ಅವರಿಗೆ ಸುಳ್ಳು ಹೇಳಿತ್ತೇ? ಅವರು ಹೇಳಿದ್ದನ್ನು ಎರಡು ಸಾಲು ಬರೆಯಿರಿ.