ಗುಜರಿ ಆಕ್ಸಲ್‌ನ ಜಾತಕ

ಹಾಟ್ ರಾಡ್ ಕಟ್ಟಲು ಹೊರಟವರ ಕಣ್ಣು ಮೊದಲು ಎಂಜಿನ್ ಮೇಲೆ ಬೀಳುತ್ತದೆ, ಆಮೇಲೆ ಬಣ್ಣದ ಮೇಲೆ. ಹಿಂದಿನ ಆಕ್ಸಲ್ ಬಗ್ಗೆ ಮಾತೆತ್ತುವವರು ಕಡಿಮೆ. ಎಂಜಿನ್‌ನ ಬಲವೆಲ್ಲ ರಸ್ತೆಗೆ ಇಳಿಯುವುದು ಅದರ ಮೂಲಕವೇ. ಹೊಸದನ್ನು ಮಾಡಿಸಲು ದುಡ್ಡು ಬಹಳ ಬೇಕು. ಹಾಗಾಗಿ ನಮ್ಮಂಥವರು ಗುಜರಿ ಅಂಗಳಗಳಲ್ಲಿ ಹುಡುಕುತ್ತೇವೆ. ಅಲ್ಲಿ ಸಿಗುವ ಆಕ್ಸಲ್‌ಗೆ ಕಾಗದಪತ್ರ ಇರುವುದಿಲ್ಲ, ಅದು ಯಾವ ಕಾರಿನಿಂದ ಕಳಚಿದ್ದು ಎಂದು ಖಚಿತವಾಗಿ ಹೇಳುವವರೂ ಇರುವುದಿಲ್ಲ. ಪೆನ್ಸಿಲ್ವೇನಿಯಾದ ನಮ್ಮ ಮನೆಯ ಗ್ಯಾರೇಜಿನಲ್ಲಿ 1931ರ ಫೋರ್ಡ್ ಮಾಡೆಲ್ ಎ ಗಾಡಿಯೊಂದನ್ನು ಹಾಟ್ ರಾಡ್ ಮಾಡುವಾಗ ಇಂಥ ಅನಾಮಿಕ ಆಕ್ಸಲ್‌ನ ಗುರುತು ಹಿಡಿಯುವುದನ್ನು ಕಲಿತೆ.

ಹಾಟ್ ರಾಡ್ ಹುಟ್ಟಿದ್ದೇ ಹಳೆಯ ಬಿಡಿಭಾಗಗಳಿಂದ. 1930-40ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಫೋರ್ಡ್‌ಗಳ ಮಡ್‌ಗಾರ್ಡ್ ಕಳಚಿ, ಎಂಜಿನ್ ಬಲಪಡಿಸಿ, ಮ್ಯೂರಾಕ್ ಮತ್ತು ಎಲ್ ಮಿರಾಜ್‌ನ ಒಣಕೆರೆಗಳ ಮೇಲೆ ಓಡಿಸುತ್ತಿದ್ದರು. ಒಂದು ಕಾರಿನ ಎಂಜಿನ್, ಇನ್ನೊಂದರ ಗೇರ್‌ಬಾಕ್ಸ್, ಮತ್ತೊಂದರ ಆಕ್ಸಲ್ ಸೇರಿಸುವುದು ಅಂದಿನಿಂದಲೂ ನಡೆದುಬಂದ ರೂಢಿ. ಮಾಡೆಲ್ ಎ ಎಂಜಿನ್‌ಗೆ ಇದ್ದದ್ದು 40 ಹಾರ್ಸ್‌ಪವರ್. ಅದರ ಹಿಂದಿನ ಆಕ್ಸಲ್ ಮುಚ್ಚಿದ ಟಾರ್ಕ್ ಟ್ಯೂಬ್‌ಗೆ ಜೋಡಿಸಿಕೊಂಡಿರುತ್ತದೆ. ನಾನು ಕೂರಿಸುತ್ತಿದ್ದದ್ದು ಫೋರ್ಡ್‌ನದೇ 289 ವಿ8 ಎಂಜಿನ್; ಸುಮಾರು 200 ಹಾರ್ಸ್‌ಪವರ್, ತೆರೆದ ಪ್ರೊಪೆಲ್ಲರ್ ಶಾಫ್ಟ್. ಹಳೆಯ ಆಕ್ಸಲ್ ಇದಕ್ಕೆ ಹೊಂದುವುದಿಲ್ಲ, ತಾಳುವುದೂ ಇಲ್ಲ.

ನನಗೆ ಸಿಕ್ಕ ಆಕ್ಸಲ್ ತುಕ್ಕು ಹಿಡಿದು, ಗ್ರೀಸ್ ಮಣ್ಣು ಗಟ್ಟಿಯಾಗಿ ಮೆತ್ತಿಕೊಂಡಿತ್ತು. “ಮಸ್ಟಾಂಗ್‌ದು, 9 ಇಂಚು” ಎಂದರು ಮಾರಿದವರು. ಫೋರ್ಡ್ 1957ರಿಂದ 1986ರವರೆಗೆ ತಯಾರಿಸಿದ 9 ಇಂಚಿನ ಆಕ್ಸಲ್‌ಗೆ ಹಾಟ್ ರಾಡ್ ಲೋಕದಲ್ಲಿ ಎಷ್ಟು ಹೆಸರಿದೆಯೆಂದರೆ, ಹಿಂಬದಿ ಗುಂಡಗಿರುವ ಫೋರ್ಡ್ ಆಕ್ಸಲ್ ಕಂಡರೆ ಜನ 9 ಇಂಚು ಎಂದುಬಿಡುತ್ತಾರೆ. ಮಾರುವವರು ತಾವು ಕೇಳಿದ್ದನ್ನು ಹೇಳುತ್ತಾರೆ. ಅದನ್ನು ಒರೆಗೆ ಹಚ್ಚುವ ಕೆಲಸ ಕೊಂಡವನದು.

ಮೊದಲು ನೋಡಬೇಕಾದದ್ದು ಹೌಸಿಂಗ್‌ನ ಆಕಾರ. ಹಿಂಬದಿಯಲ್ಲಿ ಬೋಲ್ಟ್ ಹಾಕಿದ ತಗಡಿನ ಮುಚ್ಚಳ ಇದೆಯೇ? ಇದ್ದರೆ ಕ್ರೌನ್-ಪಿನಿಯನ್ ಗೇರ್‌ಜೋಡಿಯನ್ನು ಹಿಂದಿನಿಂದ ಕೂರಿಸಿದ್ದು ಎಂದರ್ಥ. ಜಿಎಂ ಕಂಪನಿಯ 10 ಬೋಲ್ಟ್, 12 ಬೋಲ್ಟ್ ಆಕ್ಸಲ್‌ಗಳು, ಡಾನಾ, ಫೋರ್ಡ್‌ನ 8.8 ಇಂಚು ಎಲ್ಲವೂ ಈ ಗುಂಪಿನವು. ಡಾನಾ ಆಕ್ಸಲ್‌ಗಳ ಎರಕದಲ್ಲೇ ಸಾಮಾನ್ಯವಾಗಿ 44, 60 ಎಂಬ ಅಂಕಿ ಉಬ್ಬಿರುತ್ತದೆ. ಹಿಂಬದಿ ಮುಚ್ಚಳವಿಲ್ಲದೆ ನುಣುಪಾಗಿದ್ದು, ಇಡೀ ಡಿಫರೆನ್ಷಿಯಲ್ ಮುಂದಿನಿಂದ ಕಳಚಿ ಬರುವಂತಿದ್ದರೆ ಅದು ಫೋರ್ಡ್‌ನ 8 ಅಥವಾ 9 ಇಂಚು, ಇಲ್ಲವೇ ಕ್ರೈಸ್ಲರ್‌ನ 8¾ ಇಂಚು ಇರಬಹುದು. ಇಲ್ಲಿ ಇಂಚು ಎಂದರೆ ಕ್ರೌನ್‌ನ ವ್ಯಾಸ.

ನನ್ನದರ ಹಿಂಬದಿ ನುಣುಪಾಗಿತ್ತು. ವೈರ್ ಬ್ರಷ್ ಹಿಡಿದು ಉಜ್ಜಿ, ಮುಂಭಾಗದ ನಟ್‌ಗಳನ್ನೆಲ್ಲ ಕೊಳೆಯಿಂದ ಬಿಡಿಸಿಕೊಂಡೆ. ಫೋರ್ಡ್‌ನ 8 ಮತ್ತು 9 ಇಂಚನ್ನು ಬೇರ್ಪಡಿಸಲು ಸುಲಭದ ಪರೀಕ್ಷೆಯೊಂದಿದೆ. 9 ಇಂಚಿನಲ್ಲಿ ಕೆಳಗಿನ ನಟ್‌ಗಳ ಮೇಲೆ ಕೇಸಿಂಗ್ ಚಾಚಿಕೊಂಡಿರುವುದರಿಂದ ಸಾಕೆಟ್ ನೇರವಾಗಿ ಕೂರುವುದಿಲ್ಲ, ರಿಂಗ್ ಸ್ಪ್ಯಾನರನ್ನೇ ತೂರಿಸಬೇಕು. 8 ಇಂಚಿನಲ್ಲಿ ಎಲ್ಲ ನಟ್‌ಗಳಿಗೂ ಸಾಕೆಟ್ ಸಲೀಸಾಗಿ ಕೂರುತ್ತದೆ. ಇಲ್ಲಿ ಎಲ್ಲದಕ್ಕೂ ಕೂತಿತು. ಮಾರಿದವರು 9 ಎಂದದ್ದು 8 ಇಂಚಾಗಿತ್ತು.

ಆಮೇಲೆ ಎರಕದ ಅಕ್ಷರಗಳು. ಕೇಸಿಂಗ್ ಮೇಲೆ ಸೀಮೆಎಣ್ಣೆ ಹಚ್ಚಿ, ಕೊಳೆ ತೆಗೆದು, ಪಕ್ಕದಿಂದ ಟಾರ್ಚ್ ಬಿಟ್ಟಾಗ ನೆರಳಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ನನ್ನದರಲ್ಲಿ ‘ಸಿ4ಒ’ ಎಂದು ಶುರುವಾಗುವ ಸಂಖ್ಯೆಯಿತ್ತು. ಫೋರ್ಡ್ ಪದ್ಧತಿಯಲ್ಲಿ ‘ಸಿ’ ಎಂದರೆ 1960ರ ದಶಕ, 4 ಎಂದರೆ 1964, ‘ಒ’ ಎಂದರೆ ಫೇರ್‌ಲೇನ್. ಮಸ್ಟಾಂಗ್ ಆಗಿದ್ದರೆ ಅಲ್ಲಿ ‘ಝಡ್’ ಇರುತ್ತಿತ್ತು. ಅಷ್ಟಕ್ಕೇ ಇದು ಫೇರ್‌ಲೇನ್ ಆಕ್ಸಲ್ ಎಂದು ತೀರ್ಪು ಕೊಡಬಾರದು. ಆ ಸಂಖ್ಯೆ ಹೇಳುವುದು ಭಾಗದ ವಿನ್ಯಾಸ ಯಾವ ಕಾರಿಗಾಗಿ, ಯಾವ ವರ್ಷ ಆಯಿತು ಎಂಬುದನ್ನು ಮಾತ್ರ. ಅದೇ ಎರಕವನ್ನು ಮುಂದಿನ ವರ್ಷಗಳಲ್ಲಿ ಬೇರೆ ಕಾರುಗಳಿಗೂ ಬಳಸುತ್ತಿದ್ದರು. ಎರಕ ಹೊಯ್ದ ದಿನ ಬೇರೆಯೇ ಇರುತ್ತದೆ: ನನ್ನದರಲ್ಲಿದ್ದ ‘5ಕೆ12’ ಎಂದರೆ 1965ರ ಅಕ್ಟೋಬರ್ 12. ಎರಡನ್ನೂ ಜೋಡಿಸಿ ಓದಿದಾಗ ನನ್ನದು 1966ರ ಮಾದರಿಯ ಕಾರಿಗೆ ಹೋದದ್ದಿರಬೇಕು ಎನ್ನಿಸಿತು. ಹಾಗಾಗಿ ಮಸ್ಟಾಂಗ್ ಎಂಬ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಮೂರನೆಯ ಪ್ರಶ್ನೆ ಗೇರ್ ಅನುಪಾತದ್ದು, ಎಚ್ಚರ ಹೆಚ್ಚು ಬೇಕಾದದ್ದೂ ಇಲ್ಲೇ. ಕೇಸಿಂಗ್‌ನ ಬೋಲ್ಟೊಂದಕ್ಕೆ ಸಿಕ್ಕಿಸಿದ ಚಿಕ್ಕ ತಗಡಿನ ಚೀಟಿಯಲ್ಲಿ 3.00 ಎಂದಿತ್ತು. ಅಂಕಿಗಳ ನಡುವೆ ‘ಎಲ್’ ಅಕ್ಷರ ಇದ್ದರೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಎಂದರ್ಥ, ಇದರಲ್ಲಿ ಇರಲಿಲ್ಲ. ಚೀಟಿ ಕಾರ್ಖಾನೆಯ ಮಾತು. ಅರವತ್ತು ವರ್ಷಗಳಲ್ಲಿ ಒಳಗಿನ ಕ್ರೌನ್-ಪಿನಿಯನ್ ಬದಲಾಗಿದ್ದರೂ ಬದಲಾಯಿಸಿದವರು ಚೀಟಿಯನ್ನು ಹಾಗೇ ಬಿಟ್ಟಿರಬಹುದು. ಒಂದು ಪಕ್ಕದ ಡ್ರಮ್ ಅಲುಗದಂತೆ ಹಿಡಿದು, ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಿದರೆ ಪಿನಿಯನ್ ಎಷ್ಟು ಸುತ್ತುತ್ತದೋ ಅದೇ ಅನುಪಾತ. ಪಿನಿಯನ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು ನೋಡಿದೆ. ಮೂರೂವರೆ ಸುತ್ತಿಗಿಂತ ಕೂದಲೆಳೆಯಷ್ಟು ಹೆಚ್ಚು.

ಈ ‘ಕೂದಲೆಳೆ’ಯನ್ನು ಕಣ್ಣಳತೆಗೆ ಬಿಡುವಂತಿಲ್ಲ. ಡ್ರಮ್ ತೆಗೆದು, ಶಾಫ್ಟ್‌ಗಳನ್ನು ಹೊರಗೆಳೆದು, ಡಿಫರೆನ್ಷಿಯಲನ್ನು ಮೇಜಿನ ಮೇಲಿಟ್ಟೆ. ಮಗಳು ಕ್ರೌನ್‌ನ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ, ಬೆರಳಿಡುತ್ತಾ ಎಣಿಸಿದಳು.

“ಅಪ್ಪಾ, ಮೂವತ್ತೊಂಬತ್ತು.”

“ಇನ್ನೊಂದ್ಸಲ ಎಣಿಸು ಮಗಾ. ಬಿಳಿ ಹಲ್ಲನ್ನ ಎರಡು ಸಲ ಸೇರಿಸ್ಬೇಡ.”

ಮತ್ತೆ 39. ಪಿನಿಯನ್‌ನಲ್ಲಿ 11. ಭಾಗಿಸಿದರೆ 3.545; ರೂಢಿಯಲ್ಲಿ 3.55 ಎನ್ನುತ್ತಾರೆ. ಚೀಟಿ ಹೇಳಿದ್ದು ಒಂದು, ಹಲ್ಲು ಹೇಳಿದ್ದು ಇನ್ನೊಂದು. ಹಲ್ಲಿನ ಮಾತೇ ಕಡೆಯ ಮಾತು.

ಈ ವ್ಯತ್ಯಾಸ ದಾರಿಯಲ್ಲಿ ಹೇಗೆ ಕಾಣುತ್ತದೆ? ನನ್ನ ಹಿಂದಿನ ಟೈರಿನ ವ್ಯಾಸ 28 ಇಂಚು. ಆ ಟೈರಿಗೆ ವೇಗ, ಅನುಪಾತ, 12 ಈ ಮೂರನ್ನೂ ಗುಣಿಸಿದರೆ ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂಬುದು ಸಿಗುತ್ತದೆ. ಗಂಟೆಗೆ 60 ಮೈಲಿಯಲ್ಲಿ 3.00 ಅನುಪಾತಕ್ಕೆ 2,160 ಸುತ್ತು, 3.55ಕ್ಕೆ 2,556. ಓವರ್‌ಡ್ರೈವ್ ಇಲ್ಲದ ಗೇರ್‌ಬಾಕ್ಸಿನಲ್ಲಿ ದಿನವಿಡೀ ಹೆದ್ದಾರಿ ಓಡಿಸುವವರಿಗೆ ಮೊದಲನೆಯದು ಹಿತ. ಊರೊಳಗೆ, ಗುಡ್ಡದ ದಾರಿಯಲ್ಲಿ ಚುರುಕು ಬೇಕೆನ್ನುವವರಿಗೆ ಎರಡನೆಯದು. ನಮ್ಮ ಸುತ್ತಲಿನದು ಗುಡ್ಡದ ದಾರಿ, ಹಾಗಾಗಿ 3.55 ನನಗೆ ಒದಗಿಬಂತು.

ಲಿಮಿಟೆಡ್ ಸ್ಲಿಪ್ ಪರೀಕ್ಷೆಯ ಬಗ್ಗೆಯೂ ಒಂದು ಎಚ್ಚರಿಕೆ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್, ವಿರುದ್ಧ ದಿಕ್ಕಿಗೆ ತಿರುಗಿದರೆ ಸಾದಾ ಡಿಫರೆನ್ಷಿಯಲ್ ಎನ್ನುತ್ತಾರೆ. ಕ್ಲಚ್ ಪ್ಲೇಟ್ ಸವೆದ ಲಿಮಿಟೆಡ್ ಸ್ಲಿಪ್ ಕೂಡ ಸಾದಾದಂತೆಯೇ ವರ್ತಿಸುತ್ತದೆ. ಬಿಚ್ಚಿ ನೋಡದೆ ಇದಕ್ಕೆ ಉತ್ತರವಿಲ್ಲ.

ಇನ್ನು ಅಳತೆಗಳು. ಅಗಲವನ್ನು ಹೌಸಿಂಗ್‌ನ ತುದಿಯಿಂದ ತುದಿಗೆ ಅಳೆದರೆ ಸಾಲದು. ಎಡ ಚಕ್ರ ಕೂರುವ ಮುಖದಿಂದ ಬಲ ಚಕ್ರ ಕೂರುವ ಮುಖದವರೆಗೆ ಅಳೆಯಬೇಕು. ನನ್ನದು 57¼ ಇಂಚು ಬಂತು, 1965-66ರ ಮಸ್ಟಾಂಗ್‌ನ ಅಗಲವೂ ಅದೇ. ಮಾರಿದವರ ಮಾತಿನಲ್ಲಿ ಅರ್ಧ ನಿಜವಿತ್ತು. ಐದು ಬೋಲ್ಟ್‌ಗಳ ವೃತ್ತದ ವ್ಯಾಸ ಅಳೆಯಲು ಎದುರುಬದುರು ಬೋಲ್ಟ್ ಇರುವುದಿಲ್ಲ. ಅಕ್ಕಪಕ್ಕದ ಎರಡರ ನಡುಬಿಂದುಗಳ ಅಂತರ ನೋಡಬೇಕು: 2.65 ಇಂಚು ಬಂದರೆ ವೃತ್ತ 4½, 2.79 ಬಂದರೆ 4¾, 3.23 ಬಂದರೆ 5½. ಮೊದಲೆರಡರ ನಡುವಿನ ವ್ಯತ್ಯಾಸ ತೀರಾ ಸಣ್ಣದು. ಟೇಪು ಬೇಡ, ಕ್ಯಾಲಿಪರ್ ಹಿಡಿಯಿರಿ. ಫೋರ್ಡ್ ಕಾರಿನ 4½ ವೃತ್ತಕ್ಕೆ ಷೆವರ್ಲೆಯ 4¾ ಚಕ್ರವನ್ನು ಬಲವಂತವಾಗಿ ಬಿಗಿದರೆ ಜೀವಕ್ಕೇ ಅಪಾಯ.

ಗುರುತು ಸಿಕ್ಕಿತೆಂದರೆ ಆರೋಗ್ಯವೂ ತಿಳಿದಂತಲ್ಲ. ಹಳೆಯ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿ: ನುಣ್ಣನೆಯ ಬೂದು ಲೇಪ ಅಂಟಿದರೆ ಸಹಜ ಸವೆತ, ಲೋಹದ ಚೂರು ಬಂದರೆ ಹಲ್ಲು ಅಥವಾ ಬೇರಿಂಗ್ ಮುರಿದಿದೆ. ಕ್ರೌನ್ ಹಲ್ಲುಗಳ ಮೇಲೆ ಗುಳಿ, ನೀಲಿ ಛಾಯೆ ಕಂಡರೆ ಎಣ್ಣೆಯಿಲ್ಲದೆ ಕಾದಿದೆ ಎಂದು ತಿಳಿಯಿರಿ. ಡ್ರಮ್‌ನೊಳಗಿನ ಧೂಳನ್ನು ಮಾತ್ರ ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಮಾಡಿ ಒರೆಸಿ ತೆಗೆಯಬೇಕು.

ಕೊನೆಗೆ ನಾನು ಆ 8 ಇಂಚನ್ನೇ ಉಳಿಸಿಕೊಂಡೆ. ಅದು 9 ಇಂಚಿಗಿಂತ ಹಗುರ. 289 ಎಂಜಿನ್‌ನ ಹೆಚ್ಚಿನ ಮಸ್ಟಾಂಗ್‌ಗಳಿಗೆ ಫೋರ್ಡ್ ಹಾಕುತ್ತಿದ್ದದ್ದೂ ಅದನ್ನೇ, ನನ್ನ ಗಾಡಿ ಆ ಮಸ್ಟಾಂಗ್‌ಗಿಂತಲೂ ಹಗುರ. ದೊಡ್ಡ ಎಂಜಿನ್, ಅಗಲ ಟೈರು, ಡ್ರ್ಯಾಗ್ ಸ್ಪರ್ಧೆಯ ಆಸೆ ಇದ್ದರೆ 9 ಇಂಚು ಹುಡುಕುವುದೇ ಸರಿ. ಯಾವುದು ಹೆಸರುವಾಸಿ ಎಂದು ಕೇಳುವ ಮೊದಲು, ನನ್ನ ಗಾಡಿಯ ತೂಕಕ್ಕೆ, ಬಲಕ್ಕೆ, ದಾರಿಗೆ ಯಾವುದು ಸಾಕು ಎಂದು ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ಉತ್ತರಿಸಲು ಕೈಯಲ್ಲಿರುವುದು ನಿಜಕ್ಕೂ ಏನು ಎಂಬುದು ಗೊತ್ತಿರಬೇಕು.

ಹಳೆಯ ಚೀಟಿಯನ್ನು ತೆಗೆದು, 39/11, 3.55, ಬಿಚ್ಚಿ ನೋಡಿದ ವರ್ಷ ಇಷ್ಟನ್ನೂ ಕೊರೆದ ಹೊಸ ತಗಡನ್ನು ಅದೇ ಬೋಲ್ಟಿಗೆ ಸಿಕ್ಕಿಸಿದ್ದೇನೆ. ಆಕ್ಸಲ್ ಬಿಚ್ಚುವ ಎಲ್ಲರೂ ಈ ಕೆಲಸ ಮಾಡಬೇಕು ಎಂಬುದು ನನ್ನ ಒತ್ತಾಯ. ಈ ಕಬ್ಬಿಣ ನಮಗಿಂತ ಹೆಚ್ಚು ಕಾಲ ಬಾಳುತ್ತದೆ, ಇನ್ನೊಬ್ಬರ ಕೈಗೆ ಹೋಗಿಯೇ ಹೋಗುತ್ತದೆ. ಸಿಕ್ಕಿಸಿದ ಚೀಟಿಯನ್ನು ಅವರೂ ನಂಬದೆ ಹಲ್ಲು ಎಣಿಸಿದರೆ ಒಳ್ಳೆಯದೇ. ಆಗ ಎರಡೂ ತಾಳೆಯಾಗುವಂತೆ ಬರೆದಿಡುವುದು ನಮ್ಮ ಹೊಣೆ.