ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು



ಮೇಲಿನ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿರುತ್ತೀರಿ. ಅದನ್ನೇ ಕಥೆಯಾಗಿಸಿದಂತಿರುವ ಪತ್ತೇದಾರಿ ಕಾದಂಬರಿಯೊಂದಿದೆ: ‘ಎಂಟರ್ ಎ ಮರ್ಡರರ್’ (1935). ಇದನ್ನು ಬರೆದವರು ನ್ಯೂಜಿಲೆಂಡಿನ ನೈಯೊ ಮಾರ್ಷ್ (1895–1982). ನಾಟಕ ನಿರ್ದೇಶಕಿಯೂ ಆಗಿದ್ದ ಅವರು ಕಾಲೇಜು ವಿದ್ಯಾರ್ಥಿಗಳಿಂದ ಶೇಕ್ಸ್‌ಪಿಯರ್ ನಾಟಕಗಳನ್ನು ಆಡಿಸಿದವರು. ಹಾಗಾಗಿ ಪರದೆಯ ಹಿಂದಿನ ಲೋಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಥೆ ನಡೆಯುವುದು ಲಂಡನ್ನಿನ ಒಂದು ರಂಗಮಂದಿರದಲ್ಲಿ. ನಾಟಕದ ದೃಶ್ಯದಂತೆ ಒಬ್ಬ ನಟ ಮೇಜಿನ ಡ್ರಾಯರಿನಿಂದ ಗುಂಡು ತೆಗೆದು ಪಿಸ್ತೂಲಿಗೆ ತುಂಬುತ್ತಾನೆ. ಇನ್ನೊಬ್ಬ ಅದನ್ನು ಕಸಿದು ಅವನತ್ತಲೇ ಹಾರಿಸುತ್ತಾನೆ. ಪ್ರತಿ ರಾತ್ರಿ ಅಲ್ಲಿರುತ್ತಿದ್ದುದು ನಕಲಿ ಗುಂಡು. ಆ ರಾತ್ರಿ ಮಾತ್ರ ಯಾರೋ ನಿಜವಾದ ಗುಂಡು ಇಟ್ಟಿದ್ದರು. ನಟ ಕುಸಿದು ಬೀಳುತ್ತಾನೆ. ಇದು ಅಭಿನಯವಲ್ಲವೆಂದು ಪ್ರೇಕ್ಷಕರಿಗೆ ತಕ್ಷಣ ತಿಳಿಯುವುದೂ ಇಲ್ಲ. ಪ್ರೇಕ್ಷಕರ ನಡುವೆ ಸ್ಕಾಟ್ಲೆಂಡ್ ಯಾರ್ಡಿನ ಅಧಿಕಾರಿ ಅಲೆನ್ ಕೂಡ ಕುಳಿತಿದ್ದಾನೆ.

ಗುಂಡು ಹಾರಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಆದರೆ ಗುಂಡು ಬದಲಿಸಿದ್ದನ್ನು ನೋಡಿದವರು ಯಾರು? ಇಡೀ ಕಾದಂಬರಿ ಈ ಪ್ರಶ್ನೆಯ ಮೇಲೆ ನಿಂತಿದೆ.

ಪತ್ತೇದಾರಿ ಕಥೆಗೆ ರಂಗಭೂಮಿ ಏಕೆ ಒಗ್ಗುತ್ತದೆ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

1. ಪರದೆಯ ಹಿಂದೆ ಹೋಗಬಲ್ಲವರು ಕೆಲವೇ ಮಂದಿ. ಆದ್ದರಿಂದ ಸಂಶಯಿತರ ಪಟ್ಟಿ ಚಿಕ್ಕದು.

2. ಯಾರು ಯಾವಾಗ ರಂಗಕ್ಕೆ ಬರಬೇಕು, ಯಾವಾಗ ಹೋಗಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಹೀಗಾಗಿ ಪ್ರತಿಯೊಬ್ಬರ ಹೇಳಿಕೆಯನ್ನೂ ಸಮಯದೊಂದಿಗೆ ತಾಳೆ ನೋಡಬಹುದು.

3. ಸಂಶಯಿತರು ನಟರು. ಅವರಿಗೆ ಅಳುವುದೂ ಬೆಚ್ಚುವುದೂ ನಿತ್ಯದ ಕಸುಬು. ಆದ್ದರಿಂದ ಕಣ್ಣೀರು ಇಲ್ಲಿ ಸಾಕ್ಷಿಯಾಗುವುದಿಲ್ಲ.

ಹೀಗಾಗಿ ಅಲೆನ್ ಮುಖಗಳನ್ನು ನಂಬುವುದಿಲ್ಲ. ಡ್ರಾಯರಿನ ಬಳಿ ಹೋಗಲು ಯಾರಿಗೆ ಅವಕಾಶವಿತ್ತು, ಯಾವಾಗ ಇತ್ತು, ಏಕೆ ಹೋಗಬೇಕಿತ್ತು ಎಂದು ಒಂದೊಂದಾಗಿ ಕೇಳುತ್ತಾ ಹೋಗುತ್ತಾನೆ. ಕೊಲೆಗಾರ ಯಾರೆಂದು ಇಲ್ಲಿ ಹೇಳಿದರೆ ಓದುವ ಖುಷಿ ಹೋಗುತ್ತದೆ. ಕೊನೆಯ ಅಧ್ಯಾಯಕ್ಕೆ ಮೊದಲು ನಿಮ್ಮ ಉತ್ತರವನ್ನು ಕಾರಣಸಹಿತ ಬರೆದಿಟ್ಟುಕೊಳ್ಳಿ.

ಕಾದಂಬರಿಯಲ್ಲಿ ತಪ್ಪು ಊಹಿಸಿದರೆ ಪುಟ ತಿರುಗಿಸಿದರಾಯಿತು. ಬದುಕಿನಲ್ಲಿ ಹಾಗಲ್ಲ. ಮೊಬೈಲಿನಲ್ಲಿ ಬಂದ ಅರ್ಧ ನಿಮಿಷದ ವಿಡಿಯೋ ನೋಡಿ ಒಬ್ಬರನ್ನು ಅಪರಾಧಿ ಎಂದು ತೀರ್ಮಾನಿಸಿ ಹತ್ತು ಜನರಿಗೆ ಕಳಿಸಿದರೆ, ಹೋದ ಮಾನವನ್ನು ಮರಳಿ ಕೊಡಲು ನಮ್ಮಿಂದಾಗದು. ಕಂಡದ್ದರ ಹಿಂದೆ ಕಾಣದ್ದೇನಿದೆ ಎಂದು ಕೇಳಿಕೊಳ್ಳುವುದನ್ನು ಈ ಕಥೆಯಿಂದ ಕಲಿಯೋಣ.